ದಣಿವೂ ವಿಶ್ರಾಂತಿಯೂ

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಎರಡು ತಿಂಗಳಿನಿಂದ ನನ್ನ ಬೆನ್ನು ಹತ್ತಿದ್ದರು. ಕವಿತೆ ಬರೆಯುವ ಶಕ್ತಿ ನನಗಿಲ್ಲ. ಪ್ರವಾಸ ಕಥನ ಬರೆಯೋಣವೆಂದರೆ ನಾನು ಕಂಡಿರುವ ದೇಶವೆಲ್ಲ ಸಿರುಗುಪ್ಪದಿಂದ ಬಳ್ಳಾರಿ, ಬಳ್ಳಾರಿಯಿಂದ ಸಿರುಗುಪ್ಪ. ರಜೆ ಬಂದರೆ ತಾಯಿಯ ತವರಾದ ಕುರುಗೋಡು. ಒಮ್ಮೆ ಮಾತ್ರ ಸಿರುಗುಪ್ಪವನ್ನು ದಾಟಿ ಸಿಂಧನೂರಿನವರೆಗೆ ಹೋದದ್ದುಂಟು. ಆದರೆ ಅದು ನಿದ್ದೆಯಲ್ಲಿ. ಆ ನಿದ್ದೆಯ ಕಥೆಯನ್ನೇ ಬರೆಯುತ್ತೇನೆಂದಾಗ ಮಿತ್ರರು ನಕ್ಕರು. ನಗಲಿ. ಅವರಲ್ಲಿ ಇಬ್ಬರು ಮೊದಲನೆಯ ಪಿರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಮೇಲೆ ತಲೆಯಿಟ್ಟು ಮಲಗುವವರೆಂಬುದು ಗುರುಗಳಿಗೂ ಗೊತ್ತು, ನನಗೂ ಗೊತ್ತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ಸಿರುಗುಪ್ಪದ ಸಮೀಪ ಮೂರು ಎಕರೆ ಗದ್ದೆಯನ್ನು ಗುತ್ತಿಗೆಗೆ ಹಿಡಿದು ಭತ್ತ ಬೆಳೆಯುತ್ತಾರೆ. ಅವ್ವ ನಮ್ಮ ಗದ್ದೆಯ ಕೆಲಸ ತೀರಿದ ಮೇಲೆ ಪರರ ಗದ್ದೆಗೆ ನಾಟಿಗೂ ಕಳೆಗೂ ಕೂಲಿ ಹೋಗುತ್ತಾಳೆ. ಇಂಥ ಮನೆಯಲ್ಲಿ ದಣಿವು ಎಂಬುದು ಮೈಗೆ ಸಂಬಂಧಪಟ್ಟ ಮಾತು. ಬೆನ್ನು ಬಗ್ಗಿಸಿದವನಿಗೆ ದಣಿವುಂಟು, ಮೂಟೆ ಹೊತ್ತವನಿಗೆ ದಣಿವುಂಟು. ಫ್ಯಾನಿನ ಕೆಳಗೆ ಕುಳಿತು ಪುಸ್ತಕದ ಹಾಳೆ ತಿರುವುವವನಿಗೆ ದಣಿವೆಲ್ಲಿಯದು? ಹೀಗೆಂದು ಮನೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ಹೇಳದಿದ್ದರೂ ನಾನೇ ಹಾಗೆ ನಂಬಿದ್ದೆ. ಆದುದರಿಂದ ನಿಜವಾಗಿಯೂ ದಣಿದಾಗ ಅದನ್ನು ಹೇಳಿಕೊಳ್ಳುವುದಕ್ಕೆ ನನ್ನ ಬಳಿ ಮಾತೇ ಇರಲಿಲ್ಲ.

ಮೊದಲನೆಯ ವರ್ಷ ಹೇಗೋ ಸಾಗಿತು. ಎರಡನೆಯ ವರ್ಷದ ಆರಂಭದಲ್ಲಿ, ಕೋಣೆಯ ಬಾಡಿಗೆಗೂ ಊಟಕ್ಕೂ ಮನೆಯಿಂದ ಹಣ ತರಿಸಬಾರದೆಂಬ ಹಟ ಹಿಡಿದು, ಒಂದು ಜೀನ್ಸ್ ಹೊಲಿಗೆಯ ಘಟಕದಲ್ಲಿ ಸಂಜೆಯ ಕೆಲಸಕ್ಕೆ ಸೇರಿದೆ. ಬಳ್ಳಾರಿಯ ಜೀನ್ಸ್ ಪ್ಯಾಂಟುಗಳನ್ನು ಅರಿಯದವರು ಯಾರು? ಬ್ರಿಟಿಷರ ದಂಡು ಇಲ್ಲಿದ್ದ ಕಾಲದಲ್ಲಿ ಸಿಪಾಯಿಗಳ ಬಟ್ಟೆ ಹೊಲಿದ ಮನೆತನಗಳಿಂದ ಬೆಳೆದು ಬಂದ ಕಸುಬು ಇದೆಂದು ಹಿರಿಯರು ಹೇಳುವುದುಂಟು. ನನ್ನದು ಹೊಲಿಗೆಯ ಕೆಲಸವಲ್ಲ. ಹೊಲಿದು ಬಂದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸಿ, ಮಡಿಸಿ, ಕಟ್ಟು ಕಟ್ಟುವುದು. ಎಷ್ಟು ಪ್ಯಾಂಟೋ ಅಷ್ಟು ಹಣ. ಕಾಲೇಜು ಬಿಟ್ಟು ಐದೂವರೆಗೆ ಹೋದರೆ ಹನ್ನೊಂದರವರೆಗೆ ಕೆಲಸ. ಬಟ್ಟೆಯ ಬಣ್ಣ ಅಂಟಿ ಉಗುರುಗಳು ನೀಲಿಯಾಗಿದ್ದುವು. ಒಮ್ಮೆ ನಮ್ಮ ಕನ್ನಡದ ಗುರುಗಳು ಅದನ್ನು ನೋಡಿ, "ಈ ಕಾಲದಲ್ಲಿಯೂ ಮಸಿಯ ಪೆನ್ನಿನಲ್ಲಿ ಬರೆಯುವವರು ಇದ್ದಾರಲ್ಲ!" ಎಂದು ಸಂತೋಷಪಟ್ಟರು. ನಾನು ನಕ್ಕು ಸುಮ್ಮನಾದೆ.

ರಾತ್ರಿ ಕೋಣೆಗೆ ಬಂದರೆ ನಿದ್ದೆ ಬರಬೇಕಲ್ಲವೇ? ಬರುತ್ತಿರಲಿಲ್ಲ. ತಗಡಿನ ಮಾಡಿನ ಕೆಳಗೆ ನಾಲ್ವರು ಮಲಗುತ್ತಿದ್ದೆವು. ಬಳ್ಳಾರಿಯ ಸೆಕೆಯನ್ನು ಈ ಪುಟಗಳಲ್ಲಿ ವರ್ಣಿಸಬೇಕಾದ ಅಗತ್ಯವಿಲ್ಲ; ಕಲ್ಲಿನ ಗುಡ್ಡಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಉಗುಳುತ್ತವೆ. "ಸ್ವಲ್ಪ ಹೊತ್ತು" ಎಂದು ಮೊಬೈಲು ಹಿಡಿದರೆ ಒಂದೂವರೆ ಗಂಟೆ. ಬೆಳಗ್ಗೆ ಕಣ್ಣು ತೆರೆಯಲು ಒಂದು ಚಹಾ, ತರಗತಿಗೆ ಮುಂಚೆ ಒಂದು, ಕೆಲಸದ ನಡುವೆ ಮೂರು, ಒಟ್ಟು ಏಳೆಂಟು. ಹಸಿವಾದಾಗ ಒಗ್ಗರಣೆ-ಮಿರ್ಚಿ. ಒಗ್ಗರಣೆ-ಮಿರ್ಚಿಯ ನಿಂದೆ ನನ್ನ ಉದ್ದೇಶವಲ್ಲ, ಅಂಥ ಪಾಪ ಬಳ್ಳಾರಿಯಲ್ಲಿದ್ದುಕೊಂಡು ಯಾರೂ ಮಾಡಲಾರರು. ಆದರೆ ಮುಂಜಾನೆಗೂ ಅದೇ, ರಾತ್ರಿಗೂ ಅದೇ ಆದರೆ ಹೊಟ್ಟೆ ಏನು ಮಾಡೀತು?

ಹೀಗಿರಲು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಸರಪಳಿಯ ಕೊಂಡಿ ಕಡಿದು ಕೊಚ್ಚಿಕೊಂಡು ಹೋಯಿತು. ಒಟ್ಟು 33 ಗೇಟುಗಳಲ್ಲಿ ಹೋದದ್ದು ಒಂದೇ. ಆದರೆ ಒತ್ತಡ ತಗ್ಗಿಸಲು ಉಳಿದವನ್ನೂ ತೆರೆಯಬೇಕಾಯಿತು. ಮರುದಿನ ಬೆಳಗಿನ ಜಾವ ತಂದೆಯವರ ಫೋನು ಬಂದಿತು. ಅವರು ಅಳಲಿಲ್ಲ, ಕೂಗಾಡಲಿಲ್ಲ. "ನೀರು ಹೊಂಟೈತಂತ" ಎಂದಷ್ಟೇ ಹೇಳಿ ಬಹಳ ಹೊತ್ತು ಸುಮ್ಮನಿದ್ದರು. 1953ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟಿನ ಕೆಳಮಟ್ಟದ ಕಾಲುವೆಯ ನೀರನ್ನು ನಂಬಿಯೇ ನಮ್ಮ ಕಡೆ ಒಲೆ ಉರಿಯುವುದು. ನಾಟಿಗೆ ಮಾಡಿದ ಸಾಲ, ಗುತ್ತಿಗೆಯ ಹಣ, ತಂಗಿಯ ಶಾಲೆ, ಎಲ್ಲವೂ ಆ ಒಂದು ಬಾಗಿಲಿನಲ್ಲಿ ಹರಿದುಹೋಗುವಂತೆ ಕಂಡಿತು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ ಅಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸಿದರು. ಮಳೆಯೂ ಕೈಹಿಡಿಯಿತು. ನಮ್ಮ ಗದ್ದೆ ಉಳಿಯಿತು. ಆದರೆ ನನ್ನ ಎದೆಯಲ್ಲಿ ಹತ್ತಿದ ಡವಡವ ಮಾತ್ರ ಇಳಿಯಲಿಲ್ಲ. ಅಂದಿನಿಂದ ಫೋನು ಸದ್ದು ಮಾಡಿದರೆ ಸಾಕು, ಅದು ಸಿಮ್ ಕಂಪನಿಯ ಜಾಹೀರಾತೇ ಆಗಿರಲಿ, ಅಂಗೈ ಬೆವರುತ್ತಿತ್ತು.

ಮುಂದಿನ ಎರಡು ಮೂರು ತಿಂಗಳ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನೆನಪೂ ಮಸುಕಾಗಿದೆ. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ಏನು ಓದಿದೆನೆಂದು ತಿಳಿಯುತ್ತಿರಲಿಲ್ಲ. ಮಿತ್ರರ ಮಾತಿಗೆ ಸಿಡುಕುತ್ತಿದ್ದೆ. ಒಂದು ದಿನ ಬಕೆಟ್ಟಿನ ಹಿಡಿ ಮುರಿದುದಕ್ಕೆ ಬಚ್ಚಲಿನಲ್ಲಿ ನಿಂತು ಅತ್ತೆ. ಇಪ್ಪತ್ತು ವರ್ಷದ ಗಂಡಸು ಬಕೆಟ್ಟಿಗಾಗಿ ಅಳುವುದು ಶೋಭೆಯ ಮಾತಲ್ಲ, ಆದರೂ ನಡೆದುದನ್ನು ಬರೆಯಬೇಕಲ್ಲ. ಆ ವರ್ಷದ ದೀಪಾವಳಿಗೆ ಊರಿಗೆ ಹೊರಟವನು ಬಸ್ಸಿನ ಕಿಟಕಿಗೆ ತಲೆಯಾನಿಸಿದವನೇ ಎಚ್ಚರ ತಪ್ಪಿದಂತೆ ನಿದ್ದೆಹೋದೆ. ತೆಕ್ಕಲಕೋಟೆ ಹೋಯಿತು, ಸಿರುಗುಪ್ಪ ಹೋಯಿತು, ಹೊಳೆಯ ಸೇತುವೆ ಹೋಯಿತು. ಕಂಡಕ್ಟರರು ಭುಜ ಅಲುಗಾಡಿಸಿ ಎಬ್ಬಿಸಿದಾಗ ಸಿಂಧನೂರು! ಎಲ್ಲಿಗೆ ಹೋಗಬೇಕೆಂದು ಅವರು ಕೇಳಿದರು. ಕ್ಷಣಕಾಲ ನನಗೆ ನನ್ನ ಊರಿನ ಹೆಸರು ಹೊಳೆಯಲಿಲ್ಲ. ಆಗ ಹೆದರಿದೆ.

ಬಳ್ಳಾರಿಗೆ ಮರಳಿದ ಮೇಲೆ ಒಬ್ಬ ವೈದ್ಯರ ಬಳಿಗೆ ಹೋದೆ. ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಸರಿಯಾಗಿದೆ, ಥೈರಾಯಿಡ್ ಸರಿಯಾಗಿದೆ, ರಕ್ತವೂ ಸರಿಯಾಗಿದೆ. "ನಿನಗೆ ರೋಗವಿಲ್ಲಪ್ಪಾ, ನಿದ್ದೆಯಿಲ್ಲ" ಎಂದರು. ನನಗೆ ಅವಮಾನವಾದಂತಾಯಿತು, ಏನಾದರೊಂದು ದೊಡ್ಡ ಹೆಸರಿನ ರೋಗವಿದ್ದಿದ್ದರೆ ಮನೆಯಲ್ಲಿ ಹೇಳಿಕೊಳ್ಳಬಹುದಾಗಿತ್ತು. ಅವರು ಮಾತ್ರೆಗಳನ್ನು ಬರೆಯಲಿಲ್ಲ. ಚೀಟಿಯ ಹಿಂಬದಿಗೆ 14416 ಎಂಬ ಸಂಖ್ಯೆಯನ್ನು ಬರೆದು, "ಬದುಕೇ ಬೇಡವೆನ್ನಿಸಿದರೆ ಯಾವ ಹೊತ್ತಿನಲ್ಲಾದರೂ ಇದಕ್ಕೆ ಮಾತಾಡು" ಎಂದರು. ಅದು 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ಸಹಾಯವಾಣಿ, ಕನ್ನಡದಲ್ಲಿಯೇ ಮಾತಾಡಬಹುದು. ನನಗೆ ಅದರ ಅಗತ್ಯ ಬೀಳಲಿಲ್ಲ. ಈ ಪುಟವನ್ನು ಓದುವ ಯಾರಿಗಾದರೂ ಬೀಳಬಹುದೆಂದು ಇಲ್ಲಿ ಬರೆದಿದ್ದೇನೆ.

ನನ್ನ ಅವಸ್ಥೆಗೆ ಹೆಸರು ಸಿಕ್ಕಿದ್ದು ನಮ್ಮ ಗ್ರಂಥಾಲಯದಲ್ಲಿ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಚಿಕ್ಕ ಪತ್ರವನ್ನು ಬರೆದನು. ಇಲಿಗಳನ್ನು ಚಳಿಗೊಡ್ಡಲಿ, ಗಾಯಪಡಿಸಲಿ, ಅತಿಯಾಗಿ ಓಡಿಸಲಿ, ಕಾರಣ ಯಾವುದೇ ಇರಲಿ, ಅವುಗಳ ಮೈಯೊಳಗೆ ಆಗುವ ಬದಲಾವಣೆ ಬಹುಮಟ್ಟಿಗೆ ಒಂದೇ ತೆರನಾಗಿತ್ತು. ಮೊದಲು ಮೈ ಬೆಚ್ಚಿ ಎಚ್ಚರಗೊಳ್ಳುತ್ತದೆ. ಬಳಿಕ ತಡೆದುಕೊಳ್ಳಲು ಕಲಿಯುತ್ತದೆ. ಪೀಡೆ ನಿಲ್ಲದಿದ್ದರೆ ಕಡೆಗೆ ತಡೆಯುವ ಶಕ್ತಿಯೇ ಬರಿದಾಗುತ್ತದೆ. ಈ ಮೂರನೆಯದಕ್ಕೆ ಅವನಿಟ್ಟ ಹೆಸರಿನ ಅರ್ಥ ಬಳಲಿಕೆ. ನಡುವಿನ ಅವಸ್ಥೆಯೇ ಮೋಸದ್ದೆಂದು ನನಗೆ ತೋರಿತು. ಆ ಕಾಲದಲ್ಲಿ ಮನುಷ್ಯನು ಚೆನ್ನಾಗಿಯೇ ಇರುವಂತೆ ಕಾಣುತ್ತಾನೆ. ನಾನೂ ಆಗಸ್ಟಿನಿಂದ ಅಕ್ಟೋಬರಿನವರೆಗೆ ಹಾಗೆಯೇ ಕಾಣುತ್ತಿದ್ದೆ. ಕಟ್ಟು ಕಟ್ಟುವುದರಲ್ಲಿ ಎಲ್ಲರಿಗಿಂತ ಚುರುಕೆಂದು ಮೇಸ್ತ್ರಿ ಹೊಗಳಿದ್ದು ಆಗಲೇ.

ಸೆಮಿಸ್ಟರಿನ ಪರೀಕ್ಷೆ ಮುಗಿದ ಕೂಡಲೇ, 2025ರ ಜನವರಿಯ ಕೊನೆಗೆ, ಕುರುಗೋಡಿನಿಂದ ಸೋದರಮಾವ ಬಂದರು. ನನ್ನ ಮುಖ ನೋಡಿ, ಏನನ್ನೂ ಕೇಳದೆ, ಚೀಲವನ್ನು ಮೋಟಾರು ಸೈಕಲ್ಲಿಗೆ ಕಟ್ಟಿದರು. ಕುರುಗೋಡು ಸಿಂದರು ಆಳಿದ ಊರು. ಸುತ್ತ ಬಂಡೆಯ ಗುಡ್ಡಗಳು, ಮೇಲೆ ಕೋಟೆ, ಊರಲ್ಲಿ ಏಕಶಿಲೆಯ ದೊಡ್ಡ ಬಸವಣ್ಣ. ಎಷ್ಟೋ ನೂರು ವರ್ಷಗಳಿಂದ ಕಾಲು ಮಡಿಸಿ ಕುಳಿತೇ ಇರುವ ಆ ಬಸವಣ್ಣನನ್ನು ಕಂಡು ಆ ದಿನ ನನಗೆ ಭಕ್ತಿಗಿಂತ ಹೆಚ್ಚಾಗಿ ಅಸೂಯೆಯಾಯಿತು.

ತಾತನಿಗೆ ಎಪ್ಪತ್ತು ದಾಟಿದೆ. ನಾನು ಪರೀಕ್ಷೆ, ಕೆಲಸ, ನಿದ್ದೆ ಎಂದು ವಿವರಿಸಲು ತೊಡಗಿದರೆ, "ಮೊದ್ಲು ಮಕ್ಕೊ, ಆಮ್ಯಾಲ ಹೇಳುವಿಯಂತೆ" ಎಂದುಬಿಟ್ಟನು. ಮಲಗಿದೆ. ಮೂರು ದಿನ ಮಲಗಿದ್ದೇ ಕೆಲಸ. ಆ ಮನೆಯಲ್ಲಿ ಬೆಳಗ್ಗೆ ಒಂದೇ ಸಲ ಚಹಾ. ಎರಡನೆಯ ದಿನ ತಲೆ ಸಿಡಿದುಹೋಗುವಂತೆ ನೋಯತೊಡಗಿತು. ದಿನಕ್ಕೆ ಎಂಟು ಬಟ್ಟಲು ಕುಡಿಯುವವನು ಒಮ್ಮೆಲೇ ಬಿಟ್ಟರೆ ಹೀಗಾಗುವುದು ಸಹಜವೆಂದೂ, ಚಹಾದಲ್ಲಿರುವ ಕೆಫೀನು ಅರ್ಧದಷ್ಟು ಇಳಿಯುವುದಕ್ಕೇ ನಾಲ್ಕೈದು ಗಂಟೆ ಬೇಕೆಂದೂ ಆಮೇಲೆ ಓದಿ ತಿಳಿದೆ. ಅಂದರೆ ರಾತ್ರಿ ಒಂಬತ್ತಕ್ಕೆ ಕುಡಿದ ಚಹಾ ನಡುರಾತ್ರಿ ಕಳೆದರೂ ನನ್ನೊಳಗೆ ಕುಳಿತು ಕಾವಲು ಕಾಯುತ್ತಿತ್ತು! ಮೊಬೈಲಿನ ವಿಷಯದಲ್ಲಿ ಅತ್ತೆಯದೇ ಕಾನೂನು. ದೀಪ ಹಚ್ಚಿದ ಕೂಡಲೇ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಜೋಳದ ಡಬ್ಬಿಯಲ್ಲಿ ಹುಗಿದಿಡುವಳು. ಮೊದಲ ರಾತ್ರಿ ಅದು ಜೋಳದೊಳಗಿಂದ ಗುಂಯ್‌ಗುಟ್ಟಿದಾಗ ಎದ್ದು ಕುಳಿತೆ. ನಾಲ್ಕನೆಯ ರಾತ್ರಿ ಗುಂಯ್‌ಗುಟ್ಟಿತೋ ಇಲ್ಲವೋ ನನಗೆ ತಿಳಿಯದು.

ನಾಲ್ಕನೆಯ ದಿನ ತಾತ ನನಗೊಂದು ಉದ್ಯೋಗ ಕೊಟ್ಟನು. ಬಿಳಿಜೋಳ ಹಾಲುಗಾಳು ಕಟ್ಟಿದ್ದ ಕಾಲ. ಹೊಲದ ನಡುವೆ ಕಟ್ಟಿದ ಅಟ್ಟದ ಮೇಲೆ ಸೂರ್ಯ ಹುಟ್ಟುವ ಮೊದಲೇ ಹತ್ತಿ ಕುಳಿತು, ಗುಬ್ಬಿ ಗಿಳಿಗಳ ಹಿಂಡು ಇಳಿದಾಗಲೆಲ್ಲ ಕವಣೆ ಬೀಸಬೇಕು, ಇಲ್ಲವೇ ಗಂಟಲು ಹರಿಯುವಂತೆ ಕೂಗಬೇಕು. ಬಿ.ಎ. ವಿದ್ಯಾರ್ಥಿಗೆ ತಕ್ಕ ಕೆಲಸವೇ ಎಂದು ಕೇಳಬೇಡಿ. ನನ್ನ ಕವಣೆಯ ಕಲ್ಲು ಒಂದು ಹಕ್ಕಿಗೂ ತಾಗಲಿಲ್ಲ. ಒಮ್ಮೆ ಮಾವನ ತಲೆಯ ಪಕ್ಕದಲ್ಲಿ ಹಾದುಹೋಯಿತು. ಆದರೆ ಕೂಗುವುದರಲ್ಲಿ ನಾನು ನಿಪುಣನಾದೆ. ಆರು ತಿಂಗಳಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದುದೆಲ್ಲ ಆ ಗಿಳಿಗಳ ಮೇಲೆ ಹೋಯಿತು. ಬಿಸಿಲೇರಿದ ಮೇಲೆ ಕೆಳಗಿಳಿದು ಎಳೆ ತೆನೆ ಸುಟ್ಟು ಸೀತನಿ ತಿನ್ನುವುದು, ಕಾಲುವೆಯಲ್ಲಿ ಮೈ ತೊಳೆಯುವುದು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಪುಡಿ, ಮಜ್ಜಿಗೆ. ಬೇವಿನ ಮರದ ಕೆಳಗೆ ಅರ್ಧ ತಾಸು ಅಡ್ಡಾಗುವುದು. ರಾತ್ರಿ ಎಂಟೂವರೆಗೆ ಊರೇ ನಿಶ್ಶಬ್ದ. ಮೈಯೊಳಗೆ ಒಂದು ಗಡಿಯಾರವುಂಟು, ಅದಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು ಎಂಬುದನ್ನು ಇಂದು ವಿಜ್ಞಾನವೂ ಒಪ್ಪಿದೆ. ಆ ಗಡಿಯಾರದ ಯಂತ್ರವನ್ನು ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಪಾರಿತೋಷಕ ದೊರೆಯಿತು. ತಾತನಿಗೆ ಇದನ್ನು ಹೇಳಿದೆ. "ನೊಣಕ್ಕೂ ಗೊತ್ತೈತಿ ಅನ್ನು" ಎಂದನು.

ಹನ್ನೆರಡನೆಯ ದಿನವೋ ಏನೋ, ಅಟ್ಟದ ಮೇಲೆ ಕುಳಿತು ಜೇಬಿನಲ್ಲಿದ್ದ ಪುಸ್ತಕ ತೆರೆದವನು ಇಪ್ಪತ್ತು ಪುಟ ಓದಿ ಮುಗಿಸಿದ್ದೆ. ಓದಿದ್ದು ನೆನಪಿನಲ್ಲಿ ನಿಂತಿತ್ತು. ಗಿಳಿಗಳು ಅಷ್ಟರೊಳಗೆ ಒಂದು ಸಾಲು ಜೋಳವನ್ನು ಮುಗಿಸಿದ್ದುವು ಎಂಬುದು ಬೇರೆ ಮಾತು.

ಗಾಂಧೀಜಿಯವರು 1927ರ ಮಾರ್ಚಿಯಲ್ಲಿ ಖಾದಿಯ ಪ್ರವಾಸದಲ್ಲಿ ಬಿಡುವಿಲ್ಲದೆ ದುಡಿದು, ರಕ್ತದೊತ್ತಡ ಏರಿ ಕುಸಿದರೆಂಬುದನ್ನು ನಾವು ಓದಿದ್ದೇವೆ. ವೈದ್ಯರ ಮಾತಿಗೆ ಮಣಿದು ಏಪ್ರಿಲ್‌ನಲ್ಲಿ ನಂದಿ ಬೆಟ್ಟಕ್ಕೆ ಬಂದು ಜೂನ್ ತಿಂಗಳವರೆಗೆ ಅಲ್ಲಿಯೇ ಇದ್ದು, ಬಳಿಕ ಬೆಂಗಳೂರಿನ ಕುಮಾರಕೃಪದಲ್ಲಿ ತಂಗಿ, ಸುಧಾರಿಸಿಕೊಂಡ ಮೇಲೆ ಮೈಸೂರು ಸೀಮೆಯ ಪ್ರವಾಸ ಕೈಗೊಂಡರು. ಮಣ್ಣಿನ ಪಟ್ಟಿ, ಮಿತಾಹಾರ, ನಡಿಗೆ ಇವುಗಳಲ್ಲಿ ಅವರಿಗೆ ಎಷ್ಟು ನಂಬಿಕೆಯಿತ್ತೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಮಣ್ಣು, ಆಹಾರ, ನಡಿಗೆ ಇವು ಸಾಬರಮತಿಯಲ್ಲಿಯೂ ಇದ್ದುವಲ್ಲ. ನಂದಿಯಲ್ಲಿ ಹೆಚ್ಚಾಗಿ ದೊರೆತದ್ದು ಬಿಡುವು ಎಂದು ನನಗೆ ತೋರುತ್ತದೆ. ಇದನ್ನು ಬರೆಯಲು ಕಾರಣವುಂಟು. ಪ್ರಕೃತಿಯ ಮಡಿಲಿಗೆ ಮರಳಿದರೆ ಸಾಕು, ದಣಿವೆಲ್ಲ ಪರಿಹಾರವಾಗುವುದೆಂದು ಹೇಳುವವರು ಈಗ ಬಹಳ. ಕುರುಗೋಡಿನಿಂದ ಹೊರಡುವಾಗ ನಾನೂ ಹಾಗೆಯೇ ಹೇಳುತ್ತಿದ್ದೆ. ಇಪ್ಪತ್ತೈದು ದಿನಗಳಲ್ಲಿ ಗುಣ ಕಂಡವನು, ಹೇಳುವುದರಲ್ಲಿ ಆಶ್ಚರ್ಯವೇನು?

ಆ ಉತ್ಸಾಹದಲ್ಲಿಯೇ ಸಿರುಗುಪ್ಪಕ್ಕೆ ಹೋದೆ. ಎರಡನೆಯ ಬೆಳೆಯ ನಾಟಿಯ ಕೊನೆಯ ದಿನಗಳು. ಗದ್ದೆಯ ಬದುವಿನ ಮೇಲೆ ನಿಂತು ನೋಡಿದೆ. ಮೊಳಕಾಲುದ್ದ ಕೆಸರಿನಲ್ಲಿ ಹನ್ನೆರಡು ಮಂದಿ ಹೆಂಗಸರು ಬಗ್ಗಿ ಸಸಿ ಊರುತ್ತಾ ಹಿಂದಕ್ಕೆ ಸರಿಯುತ್ತಿದ್ದರು. ಅವರಲ್ಲಿ ಅವ್ವನೂ ಒಬ್ಬಳು. ಬೆಳಗಿನ ಬೆಳಕು ಅವಳಿಗೆ ಹುಟ್ಟಿದಾರಭ್ಯ ಇದೆ. ತೆರೆದ ಗಾಳಿ ಇದೆ. ಅವಳು ಉಣ್ಣುವುದು ಅದೇ ರೊಟ್ಟಿ, ಅದೇ ಪಲ್ಯ. ಮೊಬೈಲು ಹಿಡಿದು ರಾತ್ರಿ ಕೂರುವವಳಲ್ಲ. ನಾನು ಕುರುಗೋಡಿನಲ್ಲಿ ಕಲಿತು ಬಂದ ನಿಸರ್ಗ ಜೀವನವನ್ನೆಲ್ಲ ನಲವತ್ತೆರಡು ವರ್ಷ ನಡೆಸಿರುವ ನನ್ನ ಅವ್ವ ಸಾಲಿನ ತುದಿಗೆ ಬಂದು ನೆಟ್ಟಗಾಗಲು ಹೋಗಿ, ಕಣ್ಣು ಕತ್ತಲಿಟ್ಟು ಪಕ್ಕದವರ ಭುಜ ಹಿಡಿದು ನಿಂತಳು. ಯಾರೂ ಆಶ್ಚರ್ಯಪಡಲಿಲ್ಲ. ದಿನವೂ ಆಗುವುದಂತೆ.

ನನ್ನ ಅಟ್ಟದ ಹನ್ನೆರಡು ದಿನಗಳು ಆಗ ನನಗೆ ಬೇರೆಯಾಗಿ ಕಂಡುವು. ಕುರುಗೋಡಿನಲ್ಲಿ ನನಗೆ ಗುಣವಾದದ್ದು ಜೋಳದಿಂದಲೂ ಹೌದು, ಬೆಳಕಿನಿಂದಲೂ ಹೌದು. ಆದರೆ ಆ ದಿನಗಳಲ್ಲಿ ಯಾರೂ ನನ್ನಿಂದ ಏನನ್ನೂ ಬೇಡಲಿಲ್ಲ. ರೊಟ್ಟಿ ಬಡಿದವಳು ಅತ್ತೆ, ನೀರು ತಂದವಳು ಅತ್ತೆ, ಹೊಲದ ನಿಜವಾದ ಕೆಲಸ ಮಾಡಿದವನು ಮಾವ. ನಾನು ಹಕ್ಕಿ ಓಡಿಸಿದೆ, ಅದನ್ನೂ ಸರಿಯಾಗಿ ಮಾಡಲಿಲ್ಲ. ಅವ್ವನಿಗೆ ಅಂಥ ಇಪ್ಪತ್ತೈದು ದಿನಗಳನ್ನು ಯಾರು ಯಾವಾಗ ಕೊಟ್ಟಿದ್ದರು?

"ಆಸ್ಪತ್ರೆಗೆ ಹೋಗೋಣ ಬಾ ಅವ್ವಾ" ಎಂದರೆ, "ನನಗೇನಾಗೈತಿ? ಎಲ್ಲಾರಿಗೂ ಆಗೋದೇ" ಎಂದಳು. ನಾಟಿ ಮುಗಿಯುವವರೆಗೆ ಕಾಯಬೇಕಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರೆ ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆಯೆಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಇದು ಇದೆ. ಆ ಗದ್ದೆಯ ಹನ್ನೆರಡು ಮಂದಿಯಲ್ಲಿ ಎಷ್ಟು ಜನ ಎಂದು ನಾನು ಆ ದಿನವೆಲ್ಲ ಲೆಕ್ಕ ಹಾಕುತ್ತಿದ್ದೆ. ನಾವು ವರ್ಷಗಟ್ಟಲೆ ದಣಿವೆಂದು ಕರೆದದ್ದು ಅವಳ ವಿಷಯದಲ್ಲಿ ರೋಗ. ನನ್ನ ವಿಷಯದಲ್ಲಿ ರೋಗವಿರಬೇಕೆಂದುಕೊಂಡದ್ದು ದಣಿವು. ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ರಕ್ತ ಪರೀಕ್ಷೆ ಮಾಡಿಸದೆ ನಾನು ಅವಳಿಗೆ ಮುಂಜಾನೆಯ ನಡಿಗೆಯ ಉಪದೇಶ ಮಾಡಿದ್ದರೆ ಏನಾಗುತ್ತಿತ್ತು? ಅವಳು ಕೇಳಿ ನಗುತ್ತಿದ್ದಳು, ಅಷ್ಟೇ.

ಕಬ್ಬಿಣಾಂಶದ ಮಾತ್ರೆಗಳನ್ನು ಆಸ್ಪತ್ರೆಯಲ್ಲಿ ಪುಕ್ಕಟೆ ಕೊಟ್ಟರು. ಹತ್ತು ದಿನ ನುಂಗಿ, ಹೊಟ್ಟೆ ಕಟ್ಟುತ್ತದೆಂದು ಬಿಟ್ಟುಬಿಟ್ಟಳು. ಮತ್ತೆ ಆಸ್ಪತ್ರೆ, ಮತ್ತೆ ಸಮಾಧಾನ. ಊಟದ ಜೊತೆಯಲ್ಲಿಯೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ನಿಂಬೆಹುಳಿ ಇದ್ದರೆ ಚೆನ್ನಾಗಿ ಹತ್ತುತ್ತದೆ ಎಂದು ಅಲ್ಲಿನ ನರ್ಸಮ್ಮನವರು ತಿಳಿಸಿದರು. ರೊಟ್ಟಿಯೊಡನೆ ಚಹಾ ನಮ್ಮ ಮನೆಯ ಹಳೆಯ ಪದ್ಧತಿ. ಅದನ್ನು ಮುರಿಯಲು ತಂಗಿಗೇ ಅಧಿಕಾರ ಕೊಟ್ಟೆ. ಬೇಸಿಗೆ ಕಳೆಯುವ ಹೊತ್ತಿಗೆ 11 ದಾಟಿತು.

ನನ್ನ ಮಟ್ಟಿಗೆ ಹೇಳುವುದಾದರೆ, ಸಂಜೆಯ ಕೆಲಸ ಬಿಟ್ಟು ಶನಿವಾರ ಭಾನುವಾರ ಮಾತ್ರ ಹೋಗುವುದೆಂದು ಮೇಸ್ತ್ರಿಯೊಡನೆ ಗೊತ್ತುಮಾಡಿಕೊಂಡೆ. ಕೈಗೆ ಬರುವ ಹಣ ಅರ್ಧಕ್ಕಿಂತಲೂ ಕಡಿಮೆಯಾಯಿತು. ಎರಡು ಸಲ ಮನೆಯಿಂದ ಹಣ ತರಿಸಿದೆ. ಫೋನಿನಲ್ಲಿ ಕೇಳುವಾಗ ನಾಲಗೆ ಹೊರಳಲಿಲ್ಲ. ತಂದೆಯವರು "ಆತು" ಎಂದರು. ಕೋಣೆಯಲ್ಲಿ ಜೋಳದ ಡಬ್ಬಿಯಿಲ್ಲ, ಅಕ್ಕಿಯ ಡಬ್ಬಿಯುಂಟು. ಹತ್ತೂವರೆಗೆ ನನ್ನ ಮೊಬೈಲು ಅದರೊಳಗೆ. ಮಿತ್ರರಲ್ಲೊಬ್ಬನು ತನ್ನದನ್ನೂ ಹುಗಿದಿಡಲು ಆರಂಭಿಸಿದ್ದಾನೆ, ಇನ್ನಿಬ್ಬರು ನಗುತ್ತಾರೆ. ಪರೀಕ್ಷೆಯ ವಾರದಲ್ಲಿ ಈ ನಿಯಮಗಳೆಲ್ಲ ಮುರಿಯುತ್ತವೆ, ಚಹಾ ಆರಕ್ಕೆ ಏರುತ್ತದೆ. ಸುಳ್ಳು ಬರೆದು ಪ್ರಯೋಜನವಿಲ್ಲ. ಬೆಳಗ್ಗೆ ಗುಡ್ಡದ ಕಡೆಗೆ ನಡೆಯಲು ಹೋಗುವ ಅಭ್ಯಾಸ ಮಾತ್ರ ಉಳಿದಿದೆ.

ಕಳೆದ ತಿಂಗಳು ಭಾನುವಾರದ ಕೆಲಸಕ್ಕೆ ರಜೆ ಹೇಳಿ ಊರಿಗೆ ಹೋಗಿದ್ದೆ. ಊಟವಾದ ಮೇಲೆ ಪಾತ್ರೆ ತೊಳೆಯಲು ಎದ್ದ ಅವ್ವನನ್ನು ತಂಗಿ ಗದರಿಸಿ ಪಡಸಾಲೆಯಲ್ಲಿ ಚಾಪೆ ಹಾಸಿದಳು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು, ಜ್ವರ ಬಂದಾಗಿನ ಹೊರತು, ನಾನು ಕಂಡದ್ದು ಅದೇ ಮೊದಲು. ನಲ್ಲಿಯಲ್ಲಿ ನೀರು ಬಂದಿತೆಂದು ಹೊರಗಿನಿಂದ ತಂದೆಯವರು ಕೂಗುತ್ತಾ ಒಳಗೆ ಬಂದರು. ಅವ್ವ ಕಣ್ಣು ತೆರೆಯದೆಯೇ, "ಇನ್ನೊಂದರ್ಧ ತಾಸು ಎಬ್ಬಿಸಬ್ಯಾಡ್ರಿ" ಎಂದಳು. ತಂದೆಯವರು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಕೊಡವನ್ನು ತಾವೇ ಎತ್ತಿಕೊಂಡು ನಲ್ಲಿಯ ಕಡೆಗೆ ಹೋದರು.